ಪ್ರೊಸೆಸರಿನ ನುಡಿ, ಪ್ರೊಸೆಸರಿನ ನಡೆ

ಕಂಪ್ಯೂಟರಿನಲ್ಲಿ ಓಡುತ್ತಿರುವ ಪ್ರೋಗ್ರಾಮು ತಾನು ಯಾವ ಯಂತ್ರದ ಮೇಲೆ ಓಡುತ್ತಿದ್ದೇನೆಂದು ಹೇಗೆ ತಿಳಿಯುತ್ತದೆ ಎಂಬ ಪ್ರಶ್ನೆಯನ್ನು ಪ್ರೋಗ್ರಾಮಿಂಗ್ ಕಲಿಯುವ ವಿದ್ಯಾರ್ಥಿಗಳು ಮೇಲಿಂದ ಮೇಲೆ ಕೇಳುತ್ತಾರೆ. ವಿಂಡೋಸ್‌ನಲ್ಲಾದರೆ ಡಬ್ಲ್ಯುಎಂಐ ಎಂಬ ಸೇವೆಯನ್ನು ವಿಚಾರಿಸಬೇಕು, ಲಿನಕ್ಸ್‌ನಲ್ಲಾದರೆ ಸಿಪಿಯುಇನ್ಫೊ ಎಂಬ ಕಡತವನ್ನು ಓದಬೇಕು ಎಂದು ಉತ್ತರಿಸಿದರೆ ಕೆಲಸವೇನೋ ಆಗುತ್ತದೆ. ಆದರೆ ಆ ಸೇವೆಗೂ ಆ ಕಡತಕ್ಕೂ ಮಾಹಿತಿ ಬಂದದ್ದೆಲ್ಲಿಂದ, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ಹೆಚ್ಚು ಸ್ವಾರಸ್ಯದ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಪರದೆಯ ಮೇಲೆ ಮೂಡುವ ವಿವರವನ್ನು ವಿಂಡೋಸ್ ಅಥವಾ ಲಿನಕ್ಸ್ ಯಂತ್ರವನ್ನು ಅಳೆದು ತೂಗಿ ಕಂಡುಕೊಂಡಿದೆ ಎಂದು ಬಹುಮಂದಿ ಭಾವಿಸಿದ್ದಾರೆ. ಇದು ತಪ್ಪು ಕಲ್ಪನೆ. ಹೆಚ್ಚಿನ ಸಂದರ್ಭಗಳಲ್ಲಿ ಅಲ್ಲಿ ಅಳತೆಯೇ ನಡೆದಿರುವುದಿಲ್ಲ. ಬಿಡಿಭಾಗವನ್ನು ‘ನೀನು ಯಾರು’ ಎಂದು ಕೇಳಿ, ಅದು ಹೇಳಿದ್ದನ್ನು ಹಾಗೆಯೇ ಬರೆದುಕೊಂಡಿರಲಾಗುತ್ತದೆ.

ಇಂಟೆಲ್ ಮಾದರಿಯ ಪ್ರೊಸೆಸರುಗಳಲ್ಲಿ ಹೀಗೆ ಕೇಳುವುದಕ್ಕೆಂದೇ ಸಿಪಿಯುಐಡಿ ಎಂಬ ಆದೇಶವಿದ್ದು, ಅದು 1993ರಲ್ಲಿ ಪೆಂಟಿಯಂ ಬಂದ ಕಾಲಕ್ಕೆ ಬಳಕೆಗೆ ಬಂತು. ಪ್ರೊಸೆಸರಿನ ಒಳಗೇ ಇರುವ ಪುಟ್ಟ ಸಂಗ್ರಹ ಸ್ಥಾನಗಳಿಗೆ ರಿಜಿಸ್ಟರು ಎಂದು ಹೆಸರು. ಇಎಎಕ್ಸ್ ಎಂಬ ರಿಜಿಸ್ಟರಿನಲ್ಲಿ ಸೊನ್ನೆಯನ್ನಿಟ್ಟು ಈ ಆದೇಶವನ್ನು ಕೊಟ್ಟರೆ, ಇಬಿಎಕ್ಸ್, ಇಡಿಎಕ್ಸ್, ಇಸಿಎಕ್ಸ್ ಎಂಬ ಮೂರು ರಿಜಿಸ್ಟರುಗಳಲ್ಲಿ ನಾಲ್ಕು ನಾಲ್ಕರಂತೆ ಒಟ್ಟು 12 ಇಂಗ್ಲಿಷ್ ಅಕ್ಷರಗಳು ಬಂದು ಕೂರುತ್ತವೆ. ಇಂಟೆಲ್ ಪ್ರೊಸೆಸರು ‘ಜೆನ್ಯುಯಿನ್‌ಇಂಟೆಲ್’ ಎನ್ನುತ್ತದೆ, ಎಎಂಡಿ ಪ್ರೊಸೆಸರು ‘ಆಥೆಂಟಿಕ್‌ಎಎಂಡಿ’ ಎನ್ನುತ್ತದೆ, ಈಗ ಮಾರುಕಟ್ಟೆಯಲ್ಲಿ ಇಲ್ಲದ ಸೈರಿಕ್ಸ್ ಕಂಪನಿಯ ಪ್ರೊಸೆಸರು ‘ಸೈರಿಕ್ಸ್‌ಇನ್‌ಸ್ಟೆಡ್’ ಎನ್ನುತ್ತಿತ್ತು. ಇಎಎಕ್ಸ್‌ನಲ್ಲಿ ಬೇರೆ ಬೇರೆ ಸಂಖ್ಯೆಗಳನ್ನಿಟ್ಟು ಕೇಳುತ್ತಾ ಹೋದರೆ ಮಾದರಿಯ ಪೂರ್ತಿ ಹೆಸರು, ಸಾಮರ್ಥ್ಯಗಳ ಪಟ್ಟಿ ಮುಂತಾದವೂ ದೊರೆಯುತ್ತವೆ.

ಈ ಆದೇಶ ಹುಟ್ಟುವುದಕ್ಕೆ ಮೊದಲಿನ ಉಪಾಯಗಳು ಇದಕ್ಕಿಂತ ಎಷ್ಟೋ ಪಾಲು ಸೊಗಸಾದವು, ಏಕೆಂದರೆ ಆಗ ಪ್ರೊಸೆಸರನ್ನು ನೇರವಾಗಿ ಕೇಳುವ ದಾರಿ ಇಲ್ಲದ್ದರಿಂದ ಅದರ ನಡತೆಯನ್ನು ನೋಡಿಯೇ ಕುಲಗೋತ್ರವನ್ನು ಪತ್ತೆಹಚ್ಚಬೇಕಾಗಿತ್ತು. ಇಂಟೆಲ್‌ನ 1978ರ 8086 ಮತ್ತು 1979ರ 8088 ಎರಡೂ ಒಂದೇ ಬಗೆಯ ಆದೇಶಗಳನ್ನು ಪಾಲಿಸುತ್ತಿದ್ದವು, ಒಂದೇ ಲೆಕ್ಕಕ್ಕೆ ಒಂದೇ ಉತ್ತರವನ್ನು ಕೊಡುತ್ತಿದ್ದವು; ಆದರೆ ಮುಂದೆ ಬೇಕಾಗುವ ಆದೇಶಗಳನ್ನು ಮೆಮೊರಿಯಿಂದ ಮುಂಚಿತವಾಗಿ ತಂದಿಟ್ಟುಕೊಳ್ಳುವ ಸಾಲು ಮೊದಲನೆಯದರಲ್ಲಿ 6 ಬೈಟ್‌ನಷ್ಟು, ಎರಡನೆಯದರಲ್ಲಿ 4 ಬೈಟ್‌ನಷ್ಟು ಉದ್ದವಿತ್ತು. ಇದನ್ನು ಬಲ್ಲ ಪ್ರೋಗ್ರಾಮರುಗಳು ತನ್ನನ್ನು ತಾನೇ ತಿದ್ದಿಕೊಳ್ಳುವ ಪ್ರೋಗ್ರಾಮನ್ನು ಬರೆದರು. ಅದು ತನಗಿಂತ ಐದಾರು ಬೈಟ್ ಮುಂದಿರುವ ಆದೇಶವೊಂದನ್ನು ಮೆಮೊರಿಯಲ್ಲಿ ಅಳಿಸಿ ಅಲ್ಲಿ ಇನ್ನೊಂದನ್ನು ಬರೆಯುತ್ತದೆ. ಅಷ್ಟರಲ್ಲಾಗಲೇ ಹಳೆಯ ಆದೇಶವನ್ನು ಸಾಲಿಗೆ ತಂದುಕೊಂಡಿರುವ 8086 ಅದನ್ನೇ ನಡೆಸುತ್ತದೆ. ಚಿಕ್ಕ ಸಾಲಿನ 8088 ಅದನ್ನಿನ್ನೂ ತಂದುಕೊಂಡಿಲ್ಲವಾದ್ದರಿಂದ ಹೊಸದನ್ನು ನಡೆಸುತ್ತದೆ. ಯಾವುದು ನಡೆಯಿತೆಂದು ನೋಡಿದರೆ ಪ್ರೊಸೆಸರು ಯಾವುದೆಂದು ತಿಳಿದುಹೋಗುತ್ತದೆ.

ಸೈರಿಕ್ಸ್ ಪ್ರೊಸೆಸರನ್ನು ಗುರುತಿಸುವ ವಿಧಾನವಂತೂ ಇನ್ನೂ ಸರಳವಾದದ್ದು, ಇನ್ನೂ ಬೆರಗಿನದು: ಐದನ್ನು ಎರಡರಿಂದ ಭಾಗಿಸುವುದು. ಭಾಗಲಬ್ಧ ಎರಡು, ಶೇಷ ಒಂದು ಎಂಬ ಉತ್ತರದಲ್ಲಿ ಯಾವ ಪ್ರೊಸೆಸರಿಗೂ ಭೇದವಿಲ್ಲ. ನೋಡಬೇಕಾದದ್ದು ಫ್ಲ್ಯಾಗುಗಳನ್ನು, ಅಂದರೆ ಫಲಿತಾಂಶ ಸೊನ್ನೆಯೇ, ಋಣವೇ, ದಶಕ ಮಿಕ್ಕಿತೇ ಎಂಬಂಥ ಸಂಗತಿಗಳನ್ನು ಲೆಕ್ಕದ ನಂತರ ಸೂಚಿಸುವ ಒಂದೊಂದು ಬಿಟ್‌ಗಳನ್ನು. ಭಾಗಾಕಾರದ ನಂತರ ಇವು ಯಾವ ಸ್ಥಿತಿಯಲ್ಲಿರಬೇಕೆಂದು ಇಂಟೆಲ್‌ನ ಕೈಪಿಡಿ ನಿಗದಿಪಡಿಸಿಲ್ಲ. ಇಂಟೆಲ್ ಪ್ರೊಸೆಸರು ಆ ಸ್ವಾತಂತ್ರ್ಯವನ್ನು ಬಳಸಿ ಅವುಗಳನ್ನು ಕಲಕಿಬಿಡುತ್ತಿತ್ತು, ಸೈರಿಕ್ಸ್ ಇದ್ದದ್ದನ್ನು ಇದ್ದಂತೆಯೇ ಬಿಡುತ್ತಿತ್ತು. ಇಬ್ಬರು ತಯಾರಕರ ಎಂಜಿನಿಯರುಗಳು ಭಾಗಾಕಾರದ ಮಂಡಲವನ್ನು ಬೇರೆ ಬೇರೆ ರೀತಿಯಲ್ಲಿ ಕಟ್ಟಿದ್ದರ ಗುರುತು ಹೀಗೆ ಯಾರೂ ಗಮನಿಸದ ಮೂಲೆಯಲ್ಲಿ ಉಳಿದುಕೊಂಡಿತ್ತು. ಸಿಪಿಯುಐಡಿ ಬಂದ ಮೇಲೂ ನಡತೆಯ ಪರೀಕ್ಷೆ ತಪ್ಪಲಿಲ್ಲ. ಆ ಆದೇಶವನ್ನೇ ಅರಿಯದ ಹಳೆಯ ಪ್ರೊಸೆಸರನ್ನು ಅದರಿಂದ ಪ್ರಶ್ನಿಸಿದರೆ ಪ್ರೋಗ್ರಾಮು ನಿಂತುಹೋಗುವ ಭಯವಿರುವುದರಿಂದ, ಫ್ಲ್ಯಾಗ್ ರಿಜಿಸ್ಟರಿನ ಬಿಟ್ 21 ಅನ್ನು ಮೊದಲು ತಿರುಗಿಸಿ ನೋಡಬೇಕು, ಅದು ತಿರುಗಿದರೆ ಮಾತ್ರ ಮುಂದಿನ ಮಾತು.

ನಡತೆಯನ್ನು ಬಿಟ್ಟು ನುಡಿಯೊಂದನ್ನೇ ನಂಬಿದರೆ ಆಗುವ ಅನ್ಯಾಯಕ್ಕೆ ಉದಾಹರಣೆಯೂ ಉಂಟು. ಡೆನ್ಮಾರ್ಕಿನ ತಜ್ಞ ಆಗ್ನರ್ ಫಾಗ್ ತೋರಿಸಿಕೊಟ್ಟಂತೆ, ಇಂಟೆಲ್‌ನ ಕಂಪೈಲರು, ಎಂದರೆ ಮನುಷ್ಯರು ಬರೆದ ಪ್ರೋಗ್ರಾಮನ್ನು ಯಂತ್ರದ ಆದೇಶಗಳಿಗೆ ಪರಿವರ್ತಿಸುವ ತಂತ್ರಾಂಶ, ಆ 12 ಅಕ್ಷರಗಳನ್ನು ನೋಡಿ, ಇಂಟೆಲ್ ಅಲ್ಲದ ಪ್ರೊಸೆಸರಿನಲ್ಲಿ ವೇಗದ ಆದೇಶಗಳ ಸಾಮರ್ಥ್ಯವಿದ್ದರೂ ನಿಧಾನದ ದಾರಿಯನ್ನೇ ಹಿಡಿಯುವಂತೆ ಮಾಡುತ್ತಿತ್ತು. ವಿಯಾ ಕಂಪನಿಯ ನ್ಯಾನೊ ಪ್ರೊಸೆಸರಿನಲ್ಲಿ ಈ ಹೆಸರನ್ನು ಬದಲಿಸುವ ಸೌಲಭ್ಯವಿತ್ತು. ಪರೀಕ್ಷಕರು ಇಂಟೆಲ್‌ನ ಹೆಸರನ್ನು ತೊಡಿಸಿದಾಗ, ಒಳಗಿನ ಒಂದು ತಂತಿಯೂ ಬದಲಾಗದ ಅದೇ ಚಿಪ್ಪು ವೇಗ ಅಳೆಯುವ ತಂತ್ರಾಂಶವೊಂದರಲ್ಲಿ ಹೆಚ್ಚು ಅಂಕ ಗಳಿಸಿತು. 2010ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ನೊಂದಿಗೆ ಆದ ಒಪ್ಪಂದದಂತೆ, ತನ್ನ ಕಂಪೈಲರು ಇತರರ ಪ್ರೊಸೆಸರುಗಳಿಗೆ ಅಷ್ಟೇ ಪ್ರಯೋಜನವನ್ನು ಕೊಡದಿರಬಹುದೆಂದು ಇಂಟೆಲ್ ಬಹಿರಂಗವಾಗಿ ತಿಳಿಸಬೇಕಾಯಿತು.

ಒಂದು ಯಂತ್ರವನ್ನು ಇನ್ನೊಂದರಿಂದ ಬೇರ್ಪಡಿಸುವ ಗುರುತಿನ ಕಥೆಯೂ ಹೀಗೆಯೇ ಇದೆ. 1999ರ ಪೆಂಟಿಯಂ 3ರ ಪ್ರತಿ ಚಿಪ್ಪಿಗೂ ಪ್ರೋಗ್ರಾಮುಗಳು ಓದಬಹುದಾದ 96 ಬಿಟ್‌ನ ಕ್ರಮಸಂಖ್ಯೆಯಿತ್ತು. ಇದರಿಂದ ಬಳಕೆದಾರರ ಬೆನ್ನುಹತ್ತಬಹುದೆಂಬ ನ್ಯಾಯವಾದ ವಿರೋಧ ಎದ್ದು, ಮುಂದಿನ ಪ್ರೊಸೆಸರುಗಳಲ್ಲಿ ಅದನ್ನು ಕೈಬಿಡಲಾಯಿತು. ಈಗ ಹಲವರು ನೆಟ್‌ವರ್ಕ್ ಕಾರ್ಡಿನ 48 ಬಿಟ್‌ನ ಮ್ಯಾಕ್ ವಿಳಾಸವನ್ನೋ ಮದರ್‌ಬೋರ್ಡಿನ ಕ್ರಮಸಂಖ್ಯೆಯನ್ನೋ ಆಧರಿಸಿ ತಮ್ಮ ತಂತ್ರಾಂಶಕ್ಕೆ ಬೀಗ ಹಾಕುತ್ತಾರೆ. ಮ್ಯಾಕ್ ವಿಳಾಸವನ್ನು ಒಂದೇ ಆಜ್ಞೆಯಿಂದ ಬದಲಿಸಬಹುದು. ಕ್ರಮಸಂಖ್ಯೆ ಇರಬೇಕಾದ ಜಾಗದಲ್ಲಿ ‘ತಯಾರಕರು ತುಂಬತಕ್ಕದ್ದು’ ಎಂಬರ್ಥದ ಇಂಗ್ಲಿಷ್ ವಾಕ್ಯ ಹಾಗೆಯೇ ಉಳಿದಿರುವ ಬೋರ್ಡುಗಳು ಎಷ್ಟೋ ಇವೆ.

ಸಾಮಾನ್ಯ ಗ್ರಾಹಕರ ಜೇಬಿಗೆ ಕತ್ತರಿ ಬೀಳುವುದು ಪೆನ್‌ಡ್ರೈವ್ ಮತ್ತು ಮೆಮೊರಿ ಕಾರ್ಡುಗಳ ವಿಷಯದಲ್ಲಿ. ತನ್ನ ಗಾತ್ರ ಎಷ್ಟೆಂಬುದನ್ನು ಡ್ರೈವಿನೊಳಗಿನ ಕಂಟ್ರೋಲರು ಚಿಪ್ಪೇ ಹೇಳುತ್ತದೆ. ವಂಚಕರು ಅದನ್ನು ತಿದ್ದಿ, 32 ಜಿಬಿಯ ಚಿಪ್ಪಿನಿಂದ 2 ಟಿಬಿ ಎಂದು ಹೇಳಿಸುತ್ತಾರೆ. ಕಂಪ್ಯೂಟರೇ 2 ಟಿಬಿ ತೋರಿಸುತ್ತಿದೆಯಲ್ಲ, ಇನ್ನೇನು ಪುರಾವೆ ಬೇಕು ಎನ್ನುವುದು ಶುದ್ಧ ಮೂಢನಂಬಿಕೆ. ಮೊದಲ 32 ಜಿಬಿ ತುಂಬುವವರೆಗೆ ಎಲ್ಲವೂ ಸರಿಯಾಗಿಯೇ ಇದ್ದು, ಆಮೇಲೆ ಹಾಕಿದ ಮದುವೆಯ ಫೋಟೊಗಳು ಹೆಸರು ಮಾತ್ರ ಉಳಿಸಿಕೊಂಡು ಒಳಗೆ ಹಾಳಾಗಿರುತ್ತವೆ. ಎಫ್3 ಎಂಬ ಉಚಿತ ತಂತ್ರಾಂಶ ಡ್ರೈವಿನ ತುಂಬ ಪರೀಕ್ಷಾ ದತ್ತಾಂಶವನ್ನು ಬರೆದು, ಬರೆದದ್ದನ್ನೆಲ್ಲ ಮತ್ತೆ ಓದಿ ತಾಳೆ ನೋಡುತ್ತದೆ. ದೊಡ್ಡ ಡ್ರೈವಿಗೆ ಇದು ಹಲವು ಗಂಟೆಗಳ ಕೆಲಸ. ಅಗ್ಗದ ಬೆಲೆಗೆ ದೊಡ್ಡ ಡ್ರೈವು ಕೊಂಡವರು ಅದಕ್ಕೆ ಒಂದೇ ಒಂದು ಫೋಟೊ ಹಾಕುವ ಮೊದಲು, ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ, ಈ ಪರೀಕ್ಷೆಯನ್ನು ಮಾಡಿಕೊಳ್ಳಬೇಕು.