ಆಕಾಶದಲ್ಲೂ ರಿಟರ್ನ್ ಲೋಡ್!

ಸಿರುಗುಪ್ಪದ ಅಕ್ಕಿ ಮಿಲ್ಲಿನ ಮುಂದೆ ನಿಂತ ಯಾವ ಲಾರಿ ಡ್ರೈವರನ್ನಾದರೂ ಮಾತಾಡಿಸಿ, ಎರಡನೇ ಮಾತಿಗೇ ರಿಟರ್ನ್ ಲೋಡಿನ ವಿಷಯ ಬಂದುಬಿಡುತ್ತದೆ. ಬೆಂಗಳೂರಲ್ಲಿ ಅಕ್ಕಿ ಇಳಿಸಿದ ಗಾಡಿ ಖಾಲಿ ವಾಪಸ್ ಬಂದರೆ ಡೀಸೆಲ್ಲೂ ಹೋಯಿತು, ಟೋಲೂ ಹೋಯಿತು. ಅದಕ್ಕೇ ಬ್ರೋಕರಿಗೆ ಫೋನಿನ ಮೇಲೆ ಫೋನು: "ಬಳ್ಳಾರಿ ಕಡೆ ಏನಾರ ಐತೇನ್ರೀ?" ಅರ್ಧ ಬಾಡಿಗೆಯಾದರೂ ಸರಿ. ಕುರುಗೋಡಿನಿಂದ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಒಯ್ದ ಗಾಡಿಯದೂ ಇದೇ ಪಾಡು. ವಾಪಸ್ ಬರುವಾಗ ಅದರ ಹಿಂದೆ ಕೂತು ನೋಡಿ. ತಾಡಪಾಲಿನ ಮಡಿಕೆಯಲ್ಲಿ ಉಳಿದ ಬೀಜ, ಕೆಂಪು ಪುಡಿ ಗಾಳಿಗೆ ಎದ್ದು ಕಣ್ಣೆಲ್ಲ ಉರಿ, ಸೀನಿನ ಮೇಲೆ ಸೀನು!

ರಿಟರ್ನ್ ಲೋಡಿನ ಇದೇ ಲೆಕ್ಕ ಖಾಸಗಿ ಜೆಟ್ ವಿಮಾನಕ್ಕೂ ಇದೆ ಅಂತ ಗೊತ್ತಾದ ರಾತ್ರಿ ನನಗೆ ನಿದ್ದೆಯೇ ಹತ್ತಲಿಲ್ಲ.

ಉದ್ಯಮಿಯೊಬ್ಬರು ಬೆಂಗಳೂರಿನಿಂದ ಇಡೀ ಜೆಟ್ ಬಾಡಿಗೆ ಹಿಡಿದು, ಬಳ್ಳಾರಿಯಿಂದ ಸುಮಾರು 30 ಕಿ.ಮೀ. ದೂರದ ತೋರಣಗಲ್ಲಿಗೆ ಬಂದಿಳಿದರು ಅಂತಿಟ್ಟುಕೊಳ್ಳಿ. ಅವರು ಇಲ್ಲಿ ನಾಲ್ಕು ದಿನ ಇರುವವರು. ವಿಮಾನಕ್ಕೆ ಮಾತ್ರ ಮರುದಿನ ಬೇರೆ ಗಿರಾಕಿ ಕಾದಿದ್ದಾರೆ. ಮೆತ್ತನೆ ಸೀಟುಗಳೆಲ್ಲ ಖಾಲಿ, ಇಬ್ಬರು ಪೈಲಟ್‌ಗಳಷ್ಟೇ ವಾಪಸ್! ಇಂಧನ ಸುಡಲೇಬೇಕು, ಲ್ಯಾಂಡಿಂಗ್ ಶುಲ್ಕ ಕಟ್ಟಲೇಬೇಕು. ಬಂದಷ್ಟು ಬರಲಿ ಅಂತ ಆ ಖಾಲಿ ಹಾದಿಯನ್ನು ಅರ್ಧ ಬೆಲೆಗೆ, ಕೆಲವೊಮ್ಮೆ ಶೇ. 75ರಷ್ಟು ರಿಯಾಯಿತಿಗೆ ಬಿಟ್ಟುಕೊಡುತ್ತಾರೆ. ಇದರ ಹೆಸರು ಎಂಪ್ಟಿ ಲೆಗ್. ಕನಿಕಾ ಟೇಕ್ರಿವಾಲ್ ಕಟ್ಟಿದ ಜೆಟ್‌ಸೆಟ್‌ಗೋದಂಥ ಕಂಪನಿಗಳು ನಮ್ಮ ದೇಶದಲ್ಲೂ ಇವನ್ನು ಮಾರಿವೆ.

ಸಾಮಾನ್ಯವಾಗಿ ಬೆಲೆ ಸೀಟಿಗಲ್ಲ, ಇಡೀ ವಿಮಾನಕ್ಕೆ. ಆದ್ದರಿಂದ ಮನೆಮಂದಿ, ಗೆಳೆಯರು ಏಳೆಂಟು ಜನ ಕೂಡಿದರೇ ಲೆಕ್ಕ ಹಗುರ. ಹಾದಿ, ದಿನ, ಹೊತ್ತು ಎಲ್ಲವೂ ವಿಮಾನದ್ದೇ, ನಮ್ಮದಲ್ಲ. ಮೂಲ ಗಿರಾಕಿ ಪ್ರಯಾಣ ಮುಂದೂಡಿದರೆ ನಮ್ಮದೂ ರದ್ದು. ಮದುವೆ ಮುಹೂರ್ತವನ್ನು ಇದಕ್ಕೆ ಕಟ್ಟಬೇಡಿ ಅಂತ ಕೈಮುಗಿದು ಹೇಳುತ್ತೇನೆ. ಇನ್ನೊಂದು ಮಾತು: ದುಡ್ಡು ಕೊಡುವ ಮುನ್ನ ವಿಮಾನ ಹಾರಿಸುವ ಕಂಪನಿಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪರ್ಮಿಟ್ ಇದೆಯೇ ಕೇಳಿ. ಸ್ವಂತ ಬಳಕೆಗೆಂದು ನೋಂದಾಯಿಸಿದ ವಿಮಾನವನ್ನು ಬಾಡಿಗೆಗೆ ಬಿಡುವಂತಿಲ್ಲ.

ಇದನ್ನೆಲ್ಲ ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ನಮ್ಮ ಬಳ್ಳಾರಿಯೇ! 1932ರ ಅಕ್ಟೋಬರ್ 15. ಜೆ.ಆರ್.ಡಿ. ಟಾಟಾ ಒಂಟಿ ಎಂಜಿನ್ನಿನ ಪುಸ್ ಮಾತ್ ವಿಮಾನದಲ್ಲಿ ಅಂಚೆ ತುಂಬಿಕೊಂಡು ಕರಾಚಿಯಿಂದ ಹೊರಟರು. ಅಹಮದಾಬಾದಿನಲ್ಲಿ ವಿಮಾನಕ್ಕೆ ಪೆಟ್ರೋಲ್ ಬಂದದ್ದು ಎತ್ತಿನ ಗಾಡಿಯಲ್ಲಿ. ಮುಂಬೈ ಮುಟ್ಟಿದ ಮೇಲೆ ಅಂಚೆ ಜೊತೆಗಾರ ಪೈಲಟ್ ನೆವಿಲ್ ವಿನ್ಸೆಂಟ್ ಕೈಗೆ. ಅವರು ಅದನ್ನು ಮದ್ರಾಸಿಗೆ ಒಯ್ದದ್ದು ಯಾವ ಊರಿನ ಮೇಲೆ? ಬಳ್ಳಾರಿ ಮೇಲೆ! ಮುಂದೆ ಏರ್ ಇಂಡಿಯಾ ಆಗಿ ಬೆಳೆದ ಸಂಸ್ಥೆಯ ಮೊಟ್ಟಮೊದಲ ಹಾದಿಯಲ್ಲಿ ಬೆಂಗಳೂರಿಲ್ಲ, ಬಳ್ಳಾರಿ ಇದೆ. ಈ ಸಾಲು ಓದಿ ನಾನು ಕುರ್ಚಿ ಬಿಟ್ಟು ಎದ್ದು ನಿಂತೆ.

ಪುಸ್ ಮಾತ್ ಅಂದರೆ ಪೈಲಟ್ ಸೇರಿ ಮೂರೇ ಜನ ಹಿಡಿಸುವ ಪುಟ್ಟ ವಿಮಾನ. ಅದು ಹಾರುತ್ತಿದ್ದದ್ದು ಕಾಗದ ಪತ್ರಗಳಿಗಾಗಿ. ಆದರೂ ಮೊದಲ ವರ್ಷವೇ ಆ ಸಂಸ್ಥೆಯ ವಿಮಾನಗಳಲ್ಲಿ 155 ಜನ ಪ್ರಯಾಣ ಮಾಡಿದರು. ಹೇಗೂ ಹೋಗುವ ವಿಮಾನ, ಅಂಚೆ ಚೀಲದ ಜೊತೆ ಒಬ್ಬರಿಗೆ ಜಾಗ ಇತ್ತು, ಹತ್ತಿ ಕೂತರು!