ವಿಳಾಸ ಸಿಗದ ಗಣಕಯಂತ್ರ: ಕಚೇರಿ ಜಾಲದ ಒಂದು ಸಾಮಾನ್ಯ ತೊಡಕು

50,000 ರೂ. ಮೌಲ್ಯವನ್ನು ಮೀರಿದ ಸರಕಿನ ಸಾಗಾಟಕ್ಕೆ ಸಾಮಾನ್ಯವಾಗಿ ಇ-ವೇ ಬಿಲ್ ಅವಶ್ಯಕ. ಲಾರಿ ಗೇಟಿನಲ್ಲಿ ನಿಂತಿರುವಾಗ ರವಾನೆ ವಿಭಾಗದ ಗಣಕಯಂತ್ರದಲ್ಲಿ ‘ಇಂಟರ್‌ನೆಟ್ ಇಲ್ಲ’ ಎಂಬ ಸೂಚನೆ ಮೂಡಿದರೆ, ಸೇವೆ ಒದಗಿಸುವ ಕಂಪನಿಗೆ ದೂರು ನೀಡುವುದು ವಾಡಿಕೆ. ಆದರೆ ಪಕ್ಕದ ಕೋಣೆಯ ಗಣಕಯಂತ್ರವು ಅದೇ ವೇಳೆ ಸುಗಮವಾಗಿ ನಡೆಯುತ್ತಿದ್ದರೆ ಆ ದೂರಿನಿಂದ ಪ್ರಯೋಜನವಿಲ್ಲ. ದೋಷವಿರುವುದು ಕಚೇರಿಯೊಳಗೆ, ಅನೇಕ ವೇಳೆ, ವಿಳಾಸಗಳ ಹಂಚಿಕೆಯಲ್ಲಿ.

ಜಾಲವನ್ನು ಸೇರುವ ಪ್ರತಿಯೊಂದು ಯಂತ್ರಕ್ಕೂ ಐಪಿ ವಿಳಾಸ ಬೇಕು. ಅದನ್ನು ತಾನಾಗಿ ಒದಗಿಸುವ ಪದ್ಧತಿಯೇ 1993ರಲ್ಲಿ ಮೊದಲು ರೂಪುಗೊಂಡ ಡಿಎಚ್‌ಸಿಪಿ. ಸಣ್ಣ ಕಚೇರಿಗಳಲ್ಲಿ ಈ ಕಾರ್ಯವನ್ನು ರೂಟರ್ ನಿರ್ವಹಿಸುತ್ತದೆ. ಯಂತ್ರವು ವಿಳಾಸವನ್ನು ಕೋರುತ್ತದೆ. ರೂಟರ್ ತನ್ನ ಸಂಗ್ರಹದಿಂದ ಒಂದನ್ನು ನಿಗದಿತ ಅವಧಿಗೆ ಗುತ್ತಿಗೆಯಾಗಿ ಕೊಡುತ್ತದೆ. ಅರ್ಧ ಅವಧಿ ಕಳೆದಾಗ ಯಂತ್ರವೇ ಗುತ್ತಿಗೆಯನ್ನು ನವೀಕರಿಸಿಕೊಳ್ಳುತ್ತದೆ. ಈಗಾಗಲೇ ವಿಳಾಸ ಹೊಂದಿದವರಿಗೆ ತೊಂದರೆ ಕಾಣದೆ, ಹೊಸದಾಗಿ ಬಂದವರಿಗೆ ಮಾತ್ರ ಬಾಗಿಲು ಮುಚ್ಚುವುದು ಈ ಕಾರಣದಿಂದಲೇ.

ಪರೀಕ್ಷೆ ಸುಲಭ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ ಎಂಬ ಆದೇಶವನ್ನು ಇಂಗ್ಲಿಷಿನಲ್ಲಿ ನೀಡಿದರೆ ವಿಳಾಸ ಕಾಣುತ್ತದೆ. ಅದು 169.254 ಎಂದು ಆರಂಭವಾಗಿದ್ದರೆ, ರೂಟರಿನಿಂದ ಉತ್ತರ ಬಾರದೆ ಯಂತ್ರವು ತಾನೇ ಒಂದು ವಿಳಾಸವನ್ನು ಇಟ್ಟುಕೊಂಡಿದೆ ಎಂದರ್ಥ. ಕೇಬಲ್ ಸಡಿಲವಾಗಿದ್ದರೂ ಹೀಗಾಗಬಹುದಾದ್ದರಿಂದ ಮೊದಲು ಅದನ್ನು ನೋಡತಕ್ಕದ್ದು.

ಕೇಬಲ್ ಸರಿಯಿದ್ದರೆ ಮುಂದಿನ ಸಂಶಯ ವಿಳಾಸಗಳ ಕೊರತೆ. ಉದಾಹರಣೆಗೆ, ರೂಟರಿನ ಸಂಗ್ರಹದಲ್ಲಿ 50 ವಿಳಾಸಗಳಿವೆ, ಗುತ್ತಿಗೆಯ ಅವಧಿ 24 ಗಂಟೆ ಎಂದಿಟ್ಟುಕೊಳ್ಳಬಹುದು. ಗಣಕಯಂತ್ರ, ಕ್ಯಾಮೆರಾ, ಹಾಜರಾತಿ ಯಂತ್ರಗಳೆಲ್ಲ ಸೇರಿ 28. ನೌಕರರ ಫೋನುಗಳು 30. ಶನಿವಾರ ಸಂಜೆ ಆರಿಸಿದ ಗಣಕಯಂತ್ರಗಳ ಗುತ್ತಿಗೆ ಭಾನುವಾರವೇ ಮುಗಿದಿರುತ್ತದೆ. ಸೋಮವಾರ ನೌಕರರು ಆವರಣಕ್ಕೆ ಕಾಲಿಡುತ್ತಲೇ ಫೋನುಗಳು ವಿಳಾಸಗಳನ್ನು ಪಡೆದುಬಿಡುತ್ತವೆ. ತಡವಾಗಿ ಚಾಲೂ ಆದ ಬಿಲ್ಲಿಂಗ್ ಯಂತ್ರ ಬರಿಗೈಯಲ್ಲಿ ಉಳಿಯುತ್ತದೆ. ಚಾಲಕರು, ಗ್ರಾಹಕರು ವೈ-ಫೈ ಬಳಸಿ ಹೊರಟುಹೋದರೂ ಅವರ ಫೋನಿನ ಹೆಸರಿನಲ್ಲಿ ಆ ವಿಳಾಸ ಮರುದಿನದವರೆಗೆ ಖರ್ಚಾಗಿಯೇ ಇರುತ್ತದೆ.

ಬಂದುಹೋಗುವವರದೇ ಸಮಸ್ಯೆಯಾದರೆ ಗುತ್ತಿಗೆಯನ್ನು ಎರಡು–ಮೂರು ಗಂಟೆಗಳಿಗೆ ಇಳಿಸಿದರೆ ಸಾಕು. ಏಕಕಾಲದಲ್ಲಿ ಇರುವ ಯಂತ್ರಗಳೇ 50ನ್ನು ಮೀರಿದರೆ ಅವಧಿಯನ್ನು ಎಷ್ಟು ಕಡಿಮೆ ಮಾಡಿದರೂ ಫಲವಿಲ್ಲ, ಸಂಗ್ರಹವನ್ನೇ ಹಿಗ್ಗಿಸಬೇಕು. ಸಾಮಾನ್ಯ ಕಚೇರಿ ಜಾಲದಲ್ಲಿ 254 ವಿಳಾಸಗಳಿಗೆ ಅವಕಾಶವಿರುವುದರಿಂದ 192.168.1.20ರಿಂದ 192.168.1.250ರವರೆಗೆ ಹಂಚಲು ಅಡ್ಡಿಯಿಲ್ಲ. ಫೋನುಗಳಿಗೆ ಪ್ರತ್ಯೇಕ ಅತಿಥಿ ಜಾಲವನ್ನು ಕಲ್ಪಿಸುವುದು ಇನ್ನೂ ಲೇಸು. ಲೆಕ್ಕಪತ್ರಗಳ ಸುರಕ್ಷತೆಯ ದೃಷ್ಟಿಯಿಂದಲೂ ಇದು ಉಚಿತ.

ರೂಟರನ್ನು ಆರಿಸಿ ಮತ್ತೆ ಹಚ್ಚುವ ಜನಪ್ರಿಯ ಚಿಕಿತ್ಸೆಯ ಬಗ್ಗೆ ಎಚ್ಚರ ಅಗತ್ಯ. ಅನೇಕ ಅಗ್ಗದ ರೂಟರುಗಳು ಹೀಗೆ ಮಾಡಿದಾಗ ಯಾರಿಗೆ ಯಾವ ವಿಳಾಸ ಕೊಟ್ಟಿದ್ದೆವೆಂಬ ಪಟ್ಟಿಯನ್ನೇ ಮರೆಯುತ್ತವೆ. ಬಳಕೆಯಲ್ಲಿರುವ ವಿಳಾಸವು ಮತ್ತೊಂದು ಯಂತ್ರಕ್ಕೆ ದೊರೆತು, ಎರಡೂ ಕೆಡುವ ಸಂಭವವುಂಟು. ಆರಿಸುವ ಮೊದಲು ರೂಟರಿನ ಪುಟದಲ್ಲಿ ಆ ಪಟ್ಟಿಯನ್ನು ನೋಡಿದರೆ, ಸಂಗ್ರಹ ತುಂಬಿದೆಯೋ ಇಲ್ಲವೋ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

ಸಂಗ್ರಹದಲ್ಲಿ ವಿಳಾಸಗಳು ಉಳಿದಿದ್ದೂ ಕೆಲವು ಯಂತ್ರಗಳು ಮಾತ್ರ ಕೆಟ್ಟರೆ ಎರಡನೆಯ ರೂಟರಿನ ಮೇಲೆ ಅನುಮಾನಪಡಬೇಕು. ಗೋದಾಮಿಗೆ ವೈ-ಫೈ ತಲುಪಲೆಂದು ಯಾರೋ ಅಂಗಡಿಯಿಂದ ತಂದು ಸಿಕ್ಕಿಸಿದ ಆ ಪೆಟ್ಟಿಗೆ ತಾನೂ ವಿಳಾಸ ಹಂಚತೊಡಗುತ್ತದೆ. ಮೊದಲು ಉತ್ತರಿಸಿದವರ ವಿಳಾಸವನ್ನು ಯಂತ್ರ ಸ್ವೀಕರಿಸುವುದರಿಂದ ದೋಷ ಒಮ್ಮೆ ಕಂಡು ಒಮ್ಮೆ ಮಾಯವಾಗುತ್ತದೆ. ನೆಟ್ಟಗಿರುವ ಯಂತ್ರದ ವಿಳಾಸ 192.168.1 ಎಂದೂ ಕೆಟ್ಟದ್ದರ ವಿಳಾಸ 192.168.0 ಎಂದೂ ಆರಂಭವಾದರೆ ಕಳ್ಳ ಸಿಕ್ಕಂತೆಯೇ. ಎರಡನೆಯ ರೂಟರಿನಲ್ಲಿ ಡಿಎಚ್‌ಸಿಪಿಯನ್ನು ನಿಲ್ಲಿಸಿ, ಅದಕ್ಕೆ ಮುಖ್ಯ ಜಾಲದ ಸಂಗ್ರಹದ ಹೊರಗಿನ ಒಂದು ವಿಳಾಸ ಕೊಟ್ಟು, ಕೇಬಲನ್ನು ಅದರ ಲ್ಯಾನ್ ಕಿಂಡಿಗೆ ಜೋಡಿಸಿದರೆ ವೈ-ಫೈ ಸೌಲಭ್ಯ ಹಾಗೆಯೇ ಉಳಿಯುತ್ತದೆ.

ಪ್ರಿಂಟರಿಗೆ ಕೈಯಿಂದ ನಮೂದಿಸಿದ ಸ್ಥಿರ ವಿಳಾಸವೂ ಸಂಗ್ರಹದ ಒಳಗಿರಬಾರದು. ಮೇಲಿನ ಉದಾಹರಣೆಯಲ್ಲಿ ಅದು 20ಕ್ಕಿಂತ ಕೆಳಗಿರಬೇಕು. ಬಿಲ್ಲಿಂಗ್ ಯಂತ್ರಕ್ಕಾದರೆ ರೂಟರಿನಲ್ಲಿಯೇ ಒಂದು ವಿಳಾಸವನ್ನು ಕಾಯ್ದಿರಿಸಬಹುದು. ಆಗ ಸೋಮವಾರ ಎಷ್ಟು ಫೋನುಗಳು ಮೊದಲು ಬಂದರೂ ಅದರ ಪಾಲು ಅದಕ್ಕೇ ಉಳಿಯುತ್ತದೆ.