ಅಟ್ಟದ ಮೇಲಿನ ಅಂಗಡಿ

ಸಂಕ್ರಾಂತಿಯ ಎಳ್ಳಿಗೆ ಬೆರೆಸಲು ಕೊಬ್ಬರಿಯನ್ನು ಸಣ್ಣಗೆ ಹೆಚ್ಚುವ ನಗರದ ಗೃಹಿಣಿಗೆ ಆ ಕೊಬ್ಬರಿಯ ವಯಸ್ಸು ತಿಳಿದಿರುವುದು ಅಪರೂಪ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯ ಸುತ್ತಮುತ್ತ ಬಲಿತ ಕಾಯಿಯನ್ನು ಸಿಪ್ಪೆಯೊಡನೆಯೇ ಅಟ್ಟಕ್ಕೇರಿಸುತ್ತಾರೆ. ಹತ್ತು ಹನ್ನೆರಡು ತಿಂಗಳಲ್ಲಿ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದರೆ ಲೊಡಲೊಡನೆ ಸದ್ದಾಗಬೇಕು. ಆಗಲೇ ಅದು ಉಂಡೆ ಕೊಬ್ಬರಿ. ಅಂಗಡಿಯವನಿಗೆ ನಿತ್ಯವೂ ವ್ಯಾಪಾರ. ಇಲ್ಲಿಯ ರೈತನಿಗಾದರೋ ವರ್ಷದ ವಹಿವಾಟೆಲ್ಲ ಕಾಯಿ ಇಳಿಸಿ ಸುಲಿಸಿದ ಮೇಲಿನ ಒಂದೆರಡು ಹರಾಜುಗಳಲ್ಲಿ. ಯಾವಾಗ ಇಳಿಸಬೇಕೆಂಬುದೇ ಪ್ರಶ್ನೆ.

ತಿಪಟೂರಿನ ಹರಾಜಿನಲ್ಲಿ ನಿಂತ ಬೆಲೆಗೆ ಇಡೀ ಸೀಮೆ ಕಿವಿಗೊಡುತ್ತದೆ. 2023ರಲ್ಲಿ ಕೇಂದ್ರ ಸರಕಾರ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಗೊತ್ತುಪಡಿಸಿತ್ತು. ಮಾರುಕಟ್ಟೆಯಲ್ಲಿ ಬೆಲೆ 9,000ಕ್ಕಿಂತಲೂ ಕೆಳಗಿಳಿಯಿತು. ಮಗಳ ಮದುವೆಯನ್ನೋ ಮಗನ ಕಾಲೇಜು ಶುಲ್ಕವನ್ನೋ ಮುಂದೂಡಲಾಗದವರು ಮಾರಿದರು. ಸಾಲದ ಬಾಧೆಯಿಲ್ಲದವರು ಕಾದರು. ಕಾಯುವುದೂ ಸುಲಭವಲ್ಲ, ಕೊಬ್ಬರಿ ಚಿನ್ನವಲ್ಲ, ಹೆಚ್ಚು ಕಾಲ ಇಟ್ಟರೆ ಕೆಡುತ್ತದೆ. ತಿಂಗಳ ಸಂಬಳವನ್ನು ನೆಚ್ಚಿದ ನನ್ನಂಥವನಿಗೆ ಆ ಧೈರ್ಯ ಬಾರದು.

2025ರಲ್ಲಿ ಅದೇ ಹರಾಜಿನಲ್ಲಿ ಬೆಲೆ 25,000 ರೂಪಾಯಿಯನ್ನು ದಾಟಿತು. ಆದರೆ ಆ ವೇಳೆಗೆ ಹಲವರ ಅಟ್ಟ ಬರಿದಾಗಿತ್ತು. ಕಪ್ಪುತಲೆ ಹುಳು, ಬಿಳಿನೊಣಗಳ ಕಾಟದಿಂದ ಇಳುವರಿ ಕುಗ್ಗಿತ್ತು; ಎಳನೀರಿಗೇ ಒಳ್ಳೆಯ ಬೆಲೆ ಬಂದುದರಿಂದ ಕೆಲವರು ಕಾಯಿಯನ್ನು ಬಲಿಯಲು ಬಿಟ್ಟಿರಲಿಲ್ಲ.

ಇನ್ನು ವ್ಯಾಪಾರವನ್ನು ವಿಸ್ತರಿಸುವ ಮಾತು. ಇಲ್ಲಿ ಅದಕ್ಕೆ ಸಸಿ ನೆಡುವುದೆಂದು ಅರ್ಥ. ನಾಡಿನ ಎತ್ತರದ ತಳಿ ಫಲ ಹಿಡಿಯಲು ಆರೇಳು ವರ್ಷ ಬೇಕು. ಆ ಕಾಯಿ ಬಲಿತು, ಅಟ್ಟದಲ್ಲಿ ಒಣಗಲು ಇನ್ನೂ ಒಂದೆರಡು ವರ್ಷ. 2025ರ ಬೆಲೆಯನ್ನು ನಂಬಿ ಗುಂಡಿ ತೋಡಿದವರು 2033ರ ಸುಮಾರಿನ ಹರಾಜಿಗೆ ಸಿದ್ಧರಾಗುತ್ತಿದ್ದಾರೆ.